ಅಂಗಡಿಯ ಬೇಳೆ, ಲಿಂಗದ ಎಡೆ



ಹಳ್ಳಿಯ ಕಿರಾಣಿ ಅಂಗಡಿ ನೋಡಲು ಚಿಕ್ಕದು. ಒಂದು ತಕ್ಕಡಿ, ನಾಲ್ಕಾರು ಡಬ್ಬಿ, ಗೋಡೆಗೆ ಒರಗಿಸಿದ ಎರಡು ಚೀಲ. ಆದರೆ ಊರಿನ ಎಷ್ಟೋ ಮನೆಗಳ ಒಲೆ ಆ ಅಂಗಡಿಯನ್ನು ನಂಬಿ ಉರಿಯುತ್ತದೆ. ಅಲ್ಲಿಂದ ಹೋದ ಬೇಳೆ ಬಾಣಂತಿಯ ಸಾರಿಗೂ ಆಗುತ್ತದೆ, ಶಾಲೆಗೆ ಹೋಗುವ ಮಗುವಿನ ಬುತ್ತಿಗೂ ಆಗುತ್ತದೆ, ಲಿಂಗದ ಎಡೆಗೂ ಆಗುತ್ತದೆ. ವೀರಶೈವ ಧರ್ಮದಲ್ಲಿ ಅನ್ನವು ಮೊದಲು ಪದಾರ್ಥ. ಲಿಂಗಾರ್ಪಿತವಾದ ಮೇಲೆ ಪ್ರಸಾದ. ಅರ್ಪಿಸುವವರ ಭಕ್ತಿ ಎಷ್ಟೇ ದೊಡ್ಡದಿರಲಿ, ಪದಾರ್ಥ ಬಂದ ದಾರಿ ಅಶುದ್ಧವಾಗಿದ್ದರೆ ಆ ದೋಷದಲ್ಲಿ ಯಾರ ಯಾರ ಪಾಲು ಎಷ್ಟು?

ಮಠಕ್ಕೆ ಬರುವ ಅಂಗಡಿಕಾರ ಭಕ್ತರು ಇದನ್ನೇ ಕೇಳುತ್ತಾರೆ: “ಅಜ್ಜಾರ, ತೂಕದಾಗ ಮೋಸ ಮಾಡಂಗಿಲ್ಲ, ಕಲಬೆರಕಿ ಮಾಡಂಗಿಲ್ಲ. ಪ್ಯಾಟ್ಯಾಗ ಸಿಕ್ಕ ಮಾಲು ತಂದು ಮಾರತೇನಿ. ಇದರಾಗ ನನ್ನ ತಪ್ಪೇನ್ರಿ?” ಪ್ರಶ್ನೆ ಪ್ರಾಮಾಣಿಕವಾದುದು. ಆದರೆ ಸದಾಚಾರವು ಮಾರುವ ಕೈಯನ್ನು ನೋಡಿ ಸುಮ್ಮನಾಗುವುದಿಲ್ಲ. ಅದು ಕೊಳ್ಳುವ ಕೈಯನ್ನೂ ನೋಡುತ್ತದೆ.

ತೊಗರಿಬೇಳೆಯ ಲೆಕ್ಕವನ್ನೇ ತೆಗೆದುಕೊಳ್ಳಿ. 2025-26ನೆಯ ಸಾಲಿಗೆ ಸರಕಾರ ತೊಗರಿಗೆ ಕ್ವಿಂಟಲಿಗೆ 8,000 ರೂಪಾಯಿ ಬೆಂಬಲ ಬೆಲೆ ಕಟ್ಟಿತು. ಒಂದು ಕ್ವಿಂಟಲ್ ತೊಗರಿ ಗಿರಣಿಯಲ್ಲಿ ಒಡೆದರೆ ಕೈಗೆ ಬರುವ ಬೇಳೆ ಸುಮಾರು 70 ಕಿಲೊ. ಹೊಟ್ಟು ನುಚ್ಚಿನ ಹಣ ಗಿರಣಿ ಕೂಲಿಗೂ ಸಾಗಣೆಗೂ ಸರಿಹೋಯಿತು ಎಂದುಕೊಂಡರೂ ಕಿಲೊ ಬೇಳೆಗೆ 114 ರೂಪಾಯಿ ಬೀಳುತ್ತದೆ. ಹಾಗಿರುವಾಗ ದಲಾಲಿಯೊಬ್ಬನು 85 ರೂಪಾಯಿಗೆ ಬೇಳೆ ತಂದಿಳಿಸುತ್ತೇನೆ ಎಂದರೆ ಅಂಗಡಿಕಾರನು ಹಿಗ್ಗುವ ಮೊದಲು ಒಂದು ಮಾತು ಕೇಳಬೇಕು: ಈ ಕೊರತೆಯನ್ನು ಹೊತ್ತವರು ಯಾರು? ರೈತನು ಬೆಂಬಲ ಬೆಲೆ ಸಿಗದೆ ಸೋತು ಮಾರಿರಬಹುದು. ಹೊರದೇಶದ ಮಾಲು ಇರಬಹುದು. ಇಲ್ಲವೆ ಬಟಾಣಿ ಬೇಳೆಯನ್ನೋ ಕೇಸರಿ ಬೇಳೆಯನ್ನೋ ಬೆರೆಸಿರಬಹುದು. ಕೇಸರಿ ಬೇಳೆಯನ್ನೇ ಬಹುದಿನ ಉಂಡವರ ಕಾಲುಗಳು ಸ್ವಾಧೀನ ತಪ್ಪುವುದುಂಟು. ‘ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡ’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೊರದೇಶದ ತೊಗರಿ ಪಾಪದ ಮಾಲಲ್ಲ. ಮ್ಯಾನ್ಮಾರಿನಲ್ಲಿಯೂ ಆಫ್ರಿಕೆಯಲ್ಲಿಯೂ ಅದನ್ನು ಬೆಳೆದವನು ಬೆವರು ಸುರಿಸಿದ ರೈತನೇ. ಆ ಬೇಳೆಯನ್ನು ‘ಇದು ಕಲಬುರಗಿ ತೊಗರಿ’ ಎಂದು ಹೇಳಿ ಮಾರುವುದು ಪಾಪ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಆ ಹೆಸರು ಅಲ್ಲಿನ ಮಣ್ಣಿನದು, ಅಲ್ಲಿನ ಒಕ್ಕಲುಮಕ್ಕಳದು. ಹೆಸರನ್ನು ಕದಿಯುವುದೂ ಕಳವೇ.

ಎರಡನೆಯ ಸಂಕಟ ರಾಶಿಯ ಕಾಲದ್ದು. ಸಾಲಗಾರ ಬಾಗಿಲಲ್ಲಿ ನಿಂತಿದ್ದಾನೆ, ಮಗಳ ಲಗ್ನ ಹತ್ತಿರ ಬಂದಿದೆ. ರೈತನು ಎರಡು ಚೀಲ ಜೋಳ ಹೊತ್ತು ತಂದು “ಎಷ್ಟಾದರೂ ಕೊಡ್ರಿ” ಎನ್ನುತ್ತಾನೆ. “ನಾ ಕೊಳ್ಳದಿದ್ದರ ಇನ್ನೊಬ್ಬ ಇನ್ನೂ ಕಡಿಮಿಗೆ ಕೊಳ್ಳತಾನ” ಎಂಬುದು ಅಂಗಡಿಕಾರನ ಸಮಾಧಾನ. ಈ ಸಮಾಧಾನ ಕಾಯಕವಲ್ಲ, ಕಷ್ಟದಲ್ಲಿರುವವನ ಮೇಲಿನ ಸವಾರಿ. ಆ ದಿನದ ಎಪಿಎಂಸಿ ಧಾರಣೆ ಕೇಳಿ, ಅದರಲ್ಲಿ ಸಾಗಣೆ ಹಮಾಲಿಯ ಖರ್ಚನ್ನಷ್ಟೇ ಮುರಿದುಕೊಂಡು, ಉಳಿದುದನ್ನು ಎಣಿಸಿ ಕೊಡುವುದು ಧರ್ಮ. ಕೊಳ್ಳಲು ಒಂದು ತಕ್ಕಡಿ, ಮಾರಲು ಒಂದು ತಕ್ಕಡಿ ಇರಕೂಡದು.

ಮೂರನೆಯದು ಎಲ್ಲಕ್ಕಿಂತ ಕಠಿಣ. 2013ರಲ್ಲಿ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಯೋಜನೆ ಬಂದಿತು. ಆ ಪಡಿತರದ ಅಕ್ಕಿಯನ್ನು ತಾಯಿಯೊಬ್ಬಳು ಅಂಗಡಿಗೆ ತಂದು “ಇದನ್ನು ಇಟ್ಟುಕೊಂಡು ಎಣ್ಣಿ, ಸಾಬಾನ ಕೊಡಪ್ಪಾ” ಎನ್ನುತ್ತಾಳೆ. ಪಡಿತರ ಅಕ್ಕಿಯನ್ನು ಕೊಂಡು ಮಾರುವುದು ಅಪರಾಧ. ಆದರೆ ಆಕೆಯ ಅಗತ್ಯ ಸುಳ್ಳಲ್ಲ. ಅಕ್ಕಿ ತೆಗೆದುಕೊಂಡರೆ ಆ ಮನೆಯ ಮಕ್ಕಳ ಗಂಗಾಳಕ್ಕೆ ಕೈ ಹಾಕಿದಂತೆ; ಇಲ್ಲವೆಂದು ಕಳಿಸಿದರೆ ಆಕೆ ಬರಿಗೈಯಲ್ಲಿ ತಿರುಗಬೇಕು. ಇಲ್ಲಿ ಕಾಯಕದ ಜೊತೆಗೆ ದಾಸೋಹವೂ ಬೇಕು. ಅಕ್ಕಿ ಮನೆಗೆ ಹಿಂದಿರುಗಲಿ, ಎಣ್ಣೆ ಉದ್ರಿಯ ವಹಿಯಲ್ಲಿ ಬರೆಯಲಿ. ಆ ಮನೆಯಲ್ಲಿ ರೋಗಿಯಿದ್ದರೆ ಬರೆದುದನ್ನು ಒಮ್ಮೆ ಹೊಡೆದು ಹಾಕಲಿ. ಒಂದು ಪಾವು ಎಣ್ಣೆಯಿಂದ ಅಂಗಡಿ ಮುಳುಗುವುದಿಲ್ಲ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನವರು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ಬದುಕಿದವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಧರ್ಮಪತ್ನಿ ಲಕ್ಕಮ್ಮನವರು ಅದನ್ನು ಒಲೆಯ ಮೇಲೆ ಇಡಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದರು. ಆ ತಾಯಿ ನೋಡಿದ್ದು ಅಕ್ಕಿಯ ಬಿಳುಪನ್ನಲ್ಲ, ಅದು ಬಂದ ಬಗೆಯನ್ನು. ಬಡವರಿಗೆ ಇದೆಲ್ಲ ಎಲ್ಲಿ ನಡೆಯುತ್ತದೆ ಎನ್ನುವವರು ಆ ಮನೆಯ ಬಡತನವನ್ನು ನೆನೆಯಬೇಕು.

ಹಾಗಾದರೆ ಅಂಗಡಿಕಾರನು ಏನು ಮಾಡಬೇಕು? ಕಿಲೊ ಬೇಳೆಗೆ ದುಬಾರಿ ಬೆಲೆ ಹೇಳಿದರೆ ಕೂಲಿಯವನು ಕೊಳ್ಳಲಾರ. ಕೊಳ್ಳುವವರಿಲ್ಲದೆ ಅಂಗಡಿಯೂ ನಡೆಯದು. ಎರಡು ತರಹದ ಬೇಳೆ ಇಡಲಿ. ಇದು ಊರ ರೈತನದು, ಇದು ಪೇಟೆಯದು ಎಂದು ಬಾಯಿಬಿಟ್ಟು ಹೇಳಲಿ. ದಿನವೂ ಉಣ್ಣುವ ಜೋಳ ಬೇಳೆಗಳಲ್ಲಿ ಲಾಭ ಕಡಿಮೆ ಹಿಡಿದು, ಉಳ್ಳವರು ಕೊಳ್ಳುವ ಸಾಮಾನಿನಲ್ಲಿ ಅದನ್ನು ಸರಿತೂಗಿಸಲಿ. ಎಲ್ಲಿಂದ ಬಂತೆಂದು ದಲಾಲಿ ಹೇಳಲೊಲ್ಲದ ಮಾಲನ್ನು ಮಾತ್ರ ಎಷ್ಟೇ ಅಗ್ಗವಿದ್ದರೂ ಇಳಿಸಿಕೊಳ್ಳದಿರಲಿ.

ಹಿರಿಯರಾದ ತಮಗೂ ಒಂದು ಮಾತು. ಎರಡು ರೂಪಾಯಿ ಕಡಿಮೆಯೆಂದು ಸಂತೆಯ ಕೊನೆಯ ಅಂಗಡಿಯವರೆಗೆ ನಡೆಯುತ್ತೇವೆ, “ಇದು ಎಲ್ಲಿಯದಪ್ಪಾ?” ಎಂದು ಒಮ್ಮೆಯಾದರೂ ಕೇಳಿದ್ದೇವೆಯೆ? ಕೊಳ್ಳುವವರು ಕೇಳದಿದ್ದರೆ ಮಾರುವವನು ಸತ್ಯವಂತನಾಗಿ ಬಹುದಿನ ಉಳಿಯಲಾರ. ಅವನ ಕಾಯಕವನ್ನು ಕಾಯುವುದು ನಮ್ಮ ಕೈಯಲ್ಲೂ ಇದೆ.

ಬಿತ್ತಿದವನಿಗೆ ನ್ಯಾಯ, ಉಂಡವನಿಗೆ ಆರೋಗ್ಯ, ಮಾರಿದವನಿಗೆ ನಿದ್ದೆ: ಈ ಮೂರೂ ಕೂಡಿದ ಅನ್ನವೇ ಪ್ರಸಾದವಾಗುವ ಯೋಗ್ಯತೆಯುಳ್ಳದ್ದು. ಅಂಥ ಅನ್ನ ಎಲ್ಲರ ಮನೆಯಲ್ಲಿ ಬೇಯಲಿ. ಸಕಲರಿಗೂ ಸನ್ಮಂಗಳವಾಗಲಿ.