ಪದೇ ಪದೇ ಫಿಟ್ಸ್ ಬಂದರೆ ನೆನಪಿಗೆ ಪೆಟ್ಟು: ಇಲಿಗಳಿಂದ ಕಲಿತ ಪಾಠ



ಕಂಪ್ಲಿ ಕಡೆಯ ಒಂದು ಸಂಘದ ಸಭೆಗೆ ನಾವು ಹೋಗಿದ್ದಾಗ ಒಬ್ಬ ತಾಯಿ ಹೇಳಿದರು: “ಸಿಸ್ಟರ್, ನನ್ನ ಮಗಳಿಗೆ ರಾತ್ರಿ ಕಲಿಸಿದ್ದು ಬೆಳಿಗ್ಗೆಗೆ ಇರಂಗಿಲ್ರಿ. ಓದು ತಲೆಗೆ ಹತ್ತಲ್ಲ ಅಂತ ಸಾಲಿ ಬಿಡಿಸೀವಿ.” ವಿಚಾರಿಸಿದಾಗ ಆ ಹುಡುಗಿಗೆ ಮೂರ್ಛೆರೋಗ ಇರುವುದು ತಿಳಿಯಿತು. ಎರಡು ತಿಂಗಳು ಫಿಟ್ಸ್ ಬರಲಿಲ್ಲವೆಂದು ಮನೆಯವರು ಮಾತ್ರೆ ನಿಲ್ಲಿಸಿದ್ದರು. ಆಮೇಲೆ ವಾರಕ್ಕೊಮ್ಮೆ ಬರತೊಡಗಿತ್ತು. ಹುಡುಗಿ ದಡ್ಡಿಯಲ್ಲ, ಫಿಟ್ಸ್ ಅವಳ ನೆನಪಿಗೆ ಅಡ್ಡ ಬರುತ್ತಿತ್ತು.

ಫಿಟ್ಸ್ ಎಂದರೇನು?

ಮಿದುಳಿನ ಜೀವಕೋಶಗಳು ಸಣ್ಣ ವಿದ್ಯುತ್ ಸಂಕೇತಗಳಿಂದ ಕೆಲಸ ಮಾಡುತ್ತವೆ. ಬಹಳಷ್ಟು ಕೋಶಗಳು ಒಮ್ಮೆಲೇ ಅತಿಯಾಗಿ ಕೆರಳಿದರೆ ಫಿಟ್ಸ್ ಬರುತ್ತದೆ. ಇದು ಗಾಳಿ-ದೆವ್ವ ಅಲ್ಲ, ಶಾಪವಲ್ಲ, ಅಂಟುರೋಗವೂ ಅಲ್ಲ.

ಇಲಿಗಳು ಏನು ತೋರಿಸಿದವು?

1969ರಲ್ಲಿ ಕೆನಡಾದ ವಿಜ್ಞಾನಿ ಗೊಡ್ಡಾರ್ಡ್ ಮತ್ತು ಸಂಗಡಿಗರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಇಲಿಗಳ ಮಿದುಳಿಗೆ ದಿನವೂ ಸ್ವಲ್ಪವೇ ಕರೆಂಟ್ ಕೊಟ್ಟರು. ಮೊದಲು ಏನೂ ಆಗಲಿಲ್ಲ. ದಿನ ಕಳೆದಂತೆ ಅಷ್ಟೇ ಕರೆಂಟಿಗೆ ಫಿಟ್ಸ್ ಬರತೊಡಗಿತು. ತುಂಗಭದ್ರಾ ಕಾಲುವೆಯ ಒಡ್ಡು ಒಮ್ಮೆ ಒಡೆದರೆ ಮುಂದಿನ ಸಲ ನೀರು ಅಲ್ಲೇ ನುಗ್ಗುತ್ತದಲ್ಲವೇ? ಇದೂ ಹಾಗೆಯೇ.

ನಮ್ಮ ರಾಜ್ಯದಲ್ಲಿ ಕೆಲವರಿಗೆ ತಲೆ ಮೇಲೆ ಬಿಸಿಬಿಸಿ ನೀರು ಹುಯ್ದುಕೊಂಡಾಗ ಫಿಟ್ಸ್ ಬರುತ್ತದೆ. ಇದನ್ನು ತಿಳಿಯಲು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಲಿಗಳ ಮೇಲೆ ಬಿಸಿನೀರಿನ ಪ್ರಯೋಗ ಮಾಡಿದರು. ಪದೇ ಪದೇ ಆದಾಗ ಫಿಟ್ಸ್ ಬೇಗ ಬಂತು, ಹೆಚ್ಚು ಹೊತ್ತು ಇತ್ತು. ಮಿದುಳಿನ ‘ಹಿಪೊಕ್ಯಾಂಪಸ್’ ಎಂಬ ಭಾಗದಲ್ಲಿ ನರದ ಎಳೆಗಳು ಬೇಡದ ಕಡೆ ಚಿಗುರಿದ್ದವು. ಇದನ್ನು 2006ರಲ್ಲಿ ಪ್ರಕಟಿಸಿದರು.

ಹೊಸ ಪಾಠವನ್ನು ನೆನಪಿಗೆ ಸೇರಿಸುವುದು ಇದೇ ಹಿಪೊಕ್ಯಾಂಪಸ್. ನೆನಪು ಪರೀಕ್ಷಿಸಲು ಇಲಿಯನ್ನು ನೀರಿನ ದೊಡ್ಡ ತೊಟ್ಟಿಗೆ ಬಿಡುತ್ತಾರೆ. ನಿಲ್ಲಲು ಒಂದು ಚಿಕ್ಕ ಕಟ್ಟೆ ನೀರಿನೊಳಗೆ ಕಾಣದಂತೆ ಇರುತ್ತದೆ. ಆರೋಗ್ಯವಂತ ಇಲಿ ಕೆಲವೇ ದಿನಗಳಲ್ಲಿ ನೇರವಾಗಿ ಅಲ್ಲಿಗೆ ಈಜುತ್ತದೆ. ಪದೇ ಪದೇ ಫಿಟ್ಸ್ ಬಂದ ಇಲಿಗಳು ಇಂಥ ಪರೀಕ್ಷೆಗಳಲ್ಲಿ ಹೆಚ್ಚಾಗಿ ಹಿಂದೆ ಬೀಳುತ್ತವೆ; ಸುತ್ತಾಡುತ್ತವೆ, ಕಲಿತ ದಾರಿ ಮರೆಯುತ್ತವೆ.

ಇನ್ನೊಂದು ಸಂತೋಷದ ಸಂಗತಿಯೂ ಇದೆ. ಫಿಟ್ಸ್ ಬಂದ ಇಲಿಮರಿಗಳನ್ನು ಜೊತೆಗಾರರು, ಆಟದ ಸಾಮಾನು ಇರುವ ದೊಡ್ಡ ಗೂಡಿನಲ್ಲಿ ಬೆಳೆಸಿದಾಗ ಅವು ಚೆನ್ನಾಗಿ ಕಲಿತವು.

ನಮಗೇನು ಪಾಠ?

ಇಲಿ ಬೇರೆ, ಮನುಷ್ಯರು ಬೇರೆ. ಒಂದೆರಡು ಸಲ ಫಿಟ್ಸ್ ಬಂದ ಕೂಡಲೇ ನೆನಪು ಹೋಗುತ್ತದೆಂದು ಹೆದರಬೇಡಿರಿ. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಹತ್ತರಲ್ಲಿ ಸುಮಾರು ಏಳು ಜನರಿಗೆ ಫಿಟ್ಸ್ ನಿಲ್ಲುತ್ತದೆ. ಆದ್ದರಿಂದ:

• ಡಾಕ್ಟರ್ ಹೇಳದೆ ಮಾತ್ರೆ ನಿಲ್ಲಿಸಬೇಡಿರಿ. ಕೆಲವು ಮಾತ್ರೆಗಳಿಂದ ಮಂಕು, ನಿದ್ದೆ ಬರಬಹುದು. ಹಾಗಾದರೆ ಡಾಕ್ಟರಿಗೆ ಹೇಳಿರಿ, ಬದಲಾಯಿಸುತ್ತಾರೆ.

• ಫಿಟ್ಸ್ ಬಂದಾಗ ಮಗ್ಗುಲಿಗೆ ಮಲಗಿಸಿರಿ. ಬಾಯಿಗೆ ಏನೂ ಹಾಕಬೇಡಿರಿ. ಕೈಗೆ ಬೀಗದ ಕೈ ಕೊಡುವುದರಿಂದ ಪ್ರಯೋಜನವಿಲ್ಲ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿರಿ.

• ಮಗುವಿಗೆ ಶಾಲೆ ಬಿಡಿಸಬೇಡಿರಿ. ಟೀಚರಿಗೆ ವಿಷಯ ತಿಳಿಸಿರಿ.

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮೂರ್ಛೆರೋಗಕ್ಕೆ ಔಷಧ ಸಿಗಬೇಕೆಂಬ ಪ್ರಯತ್ನವನ್ನು ನಿಮ್ಹಾನ್ಸ್ 1985ರಲ್ಲಿ ಶುರುಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಆಗ ಅದೇ ಜಿಲ್ಲೆಯಲ್ಲಿದ್ದವು. 1996ರಲ್ಲಿ ಅದೇ ಮಾದರಿಯನ್ನು ದೇಶದ ಬೇರೆ ಜಿಲ್ಲೆಗಳಿಗೂ ತಂದರು. ನಮ್ಮ ಊರಿನಿಂದ ಹೊರಟ ಈ ಸೌಲಭ್ಯವನ್ನು ನಾವೇ ಕೇಳಿ ಪಡೆಯದಿದ್ದರೆ ಹೇಗೆ?

ಆ ಹುಡುಗಿ ಈಗ ಮಾತ್ರೆ ತಪ್ಪಿಸುವುದಿಲ್ಲ, ಸಾಲಿಗೂ ಹೋಗುತ್ತಿದ್ದಾಳೆ. ಓದು ಇನ್ನೂ ನಿಧಾನ, ಆದರೆ ಕಲಿತದ್ದು ಉಳಿಯುತ್ತಿದೆ.

ಸಭೆಯಲ್ಲಿ ಚರ್ಚಿಸಿರಿ: ನಮ್ಮ ಓಣಿಯಲ್ಲಿ ಫಿಟ್ಸ್ ಇದೆಯೆಂದು ಮುಚ್ಚಿಟ್ಟ ಮಗು ಇದೆಯೇ? ಅದರ ತಾಯಿಯ ಜೊತೆ ಆಸ್ಪತ್ರೆಗೆ ಹೋಗುವವರು ನಮ್ಮಲ್ಲಿ ಯಾರು? ಬಸ್ ಚಾರ್ಜಿಗೆ ಸಂಘದಿಂದ ಏನು ಮಾಡಬಹುದು?