ಸುಣ್ಣದ ಸಂಗತಿ ಕಂಪ್ಯೂಟರಿಗೆ ಗೊತ್ತಿಲ್ಲ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಅಂಗಳಗಳಲ್ಲಿ ಒಣಗಿ ಚಾಲಿಯಾಗುವ ಅಡಿಕೆಯೊಳಗೆ ಅರೆಕೋಲಿನ್ ಎಂಬ ಪುಟ್ಟ ಅಣುವಿದೆ. ಇಂಗಾಲ 8, ಜಲಜನಕ 13, ಸಾರಜನಕ 1, ಆಮ್ಲಜನಕ 2. ಒಟ್ಟು 24 ಪರಮಾಣು. ಪೈಮಾಲ್ ತಂತ್ರಾಂಶದಲ್ಲಿ ತೆರೆದರೆ ಆರು ಪರಮಾಣುಗಳ ಉಂಗುರ, ಅದಕ್ಕೊಂದು ಗಿಡ್ಡ ಬಾಲ. ಮೌಸ್ ಎಳೆದತ್ತ ತಿರುಗುತ್ತದೆ. ನರಸಂದೇಶ ಹಿಡಿಯುವ ಮಸ್ಕರಿನಿಕ್ ಗ್ರಾಹಕವೆಂಬ ಪ್ರೋಟೀನಿನ ಪೊಟರೆಯಲ್ಲಿ ಇದು ಹೇಗೆ ಕೂತೀತು ಎಂದು ಆಟೊಡಾಕ್ ವಿನಾ ಎಂಬ ಇನ್ನೊಂದು ತಂತ್ರಾಂಶವನ್ನು ಕೇಳಿದರೆ, ಬಗೆಬಗೆಯ ಭಂಗಿಗಳನ್ನು ಪರೀಕ್ಷಿಸಿ ಅಂಕ ಹಾಕಿಕೊಡುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಸಾಧಾರಣ ಲ್ಯಾಪ್‌ಟಾಪ್ ಸಾಕು. ದೊಡ್ಡ ಪ್ರಯೋಗಾಲಯವಿಲ್ಲದ ಕಾಲೇಜಿನ ವಿದ್ಯಾರ್ಥಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಆ ಅಂಕವನ್ನೇ ತೀರ್ಪೆಂದು ಹಿಡಿದು ಅಡಿಕೆಯನ್ನು ಔಷಧ ಎನ್ನುವುದೂ ವಿಷ ಎನ್ನುವುದೂ ಅವಸರದ ಮಾತು. ತಂತ್ರಾಂಶ ಲೆಕ್ಕ ಹಾಕುವುದು ನಾವು ಕೊಟ್ಟ ಅಣುವನ್ನು. ಜಗಿಯುವವರ ಬಾಯಲ್ಲಿರುವ ಅಣು ಬೇರೆಯಾಗಿರಬಹುದು.

ಹೇಗೆಂದರೆ, ಬರೀ ಅಡಿಕೆ ಜಗಿಯುವವರು ಕಡಿಮೆ. ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರುತ್ತಾರೆ. ಸುಣ್ಣದ ಕ್ಷಾರಕ್ಕೆ ಅರೆಕೋಲಿನ್ನಿನ ಬಾಲದ ತುದಿ ಕಳಚಿ, 21 ಪರಮಾಣುಗಳ ಅರೆಕೈಡಿನ್ ಉಳಿಯುತ್ತದೆ. ಕಡಿಮೆಯಾದದ್ದು ಮೂರೇ ಪರಮಾಣು, ಬದಲಾದದ್ದು ಸ್ವಭಾವವೇ: ಅರೆಕೈಡಿನ್ ಗಾಬಾ ಎಂಬ ನರವಾಹಕವನ್ನು ಕೋಶಗಳು ಮರಳಿ ಹೀರಿಕೊಳ್ಳದಂತೆ ತಡೆಯುತ್ತದೆ. ಅಣುಗಳ ಚಲನೆಯನ್ನೇ ತೋರಿಸುವ ಗ್ರೋಮ್ಯಾಕ್ಸ್‌ನಂಥ ಸಿಮ್ಯುಲೇಶನ್ ಬಾಲದ ತುದಿ ಕಳಚುವುದನ್ನು ಹಿಡಿಯದೇ? ಒಂದು ಹೆಜ್ಜೆಗೆ 2 ಫೆಮ್ಟೊಸೆಕೆಂಡಿನಂತೆ ಮೈಕ್ರೊಸೆಕೆಂಡಿಗೆ 50 ಕೋಟಿ ಹೆಜ್ಜೆ ನಡೆಸಿದರೂ ಹಿಡಿಯದು. ಸಾಮಾನ್ಯ ಸಿಮ್ಯುಲೇಶನ್ನಿನಲ್ಲಿ ರಾಸಾಯನಿಕ ಬಂಧವೆಂದರೆ ಸ್ಪ್ರಿಂಗ್ ಇದ್ದ ಹಾಗೆ. ಅದು ಜಗ್ಗುತ್ತದೆ, ಕುಗ್ಗುತ್ತದೆ, ಕಡಿಯುವುದಿಲ್ಲ.

ಬಂಧ ಕಡಿಯುವುದನ್ನು ಲೆಕ್ಕ ಹಾಕುವ ವಿಧಾನವೂ ಇದೆಯಲ್ಲ ಎಂಬ ಆಕ್ಷೇಪ ಸರಿಯೇ. ಕ್ವಾಂಟಂ ಗಣಿತವನ್ನು ಸ್ಪ್ರಿಂಗ್ ಗಣಿತದ ಜೊತೆ ಹೊಸೆದ ಕಾರ್ಪ್ಲಸ್, ಲೆವಿಟ್, ವಾರ್ಷೆಲ್ ಅವರಿಗೆ 2013ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಆದರೆ ಆ ದುಬಾರಿ ಗಣಿತವನ್ನು ಅಣುವಿನ ಯಾವ ಮೂಲೆಗೆ ಹಚ್ಚಬೇಕೆಂದು ಸಾಮಾನ್ಯವಾಗಿ ಮನುಷ್ಯನೇ ಆರಿಸಬೇಕು. ಸುಣ್ಣದ ಸಂಗತಿ ತಿಳಿದವನಷ್ಟೇ ಬಾಲದ ತುದಿಗೆ ಬೆರಳಿಟ್ಟಾನು.

ಹಾಗಾದರೆ ಇದೆಲ್ಲ ಬಣ್ಣದ ಚಿತ್ರವೇ? ಖಂಡಿತ ಅಲ್ಲ. ಎರಡೂ ಅಣುಗಳನ್ನು ಒಂದೇ ಪೊಟರೆಯಲ್ಲಿ ಕೂರಿಸಿ, ಬಾಲ ಕಳೆದುಕೊಂಡದ್ದು ಎಲ್ಲಿ ಹಿಡಿತ ತಪ್ಪುತ್ತದೆಂದು ನೋಡಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ಹಾನಿಯ ಪ್ರಶ್ನೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ಸಂಪುಟದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದಿತು. ಆಮೇಲೆ ಅರೆಕೋಲಿನ್ನನ್ನು ಪ್ರತ್ಯೇಕವಾಗಿ ತೂಗಿ, ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಂಟು ಎಂದಷ್ಟೇ ಹೇಳಿತು. ಅಡಿಕೆಯ ಮೇಲಿನ ಆ ಮಾತು ಬಂದದ್ದು ಜಗಿಯುವವರ ಬಾಯಿಗಳನ್ನು ಪರೀಕ್ಷಿಸಿದ ಅಧ್ಯಯನಗಳಿಂದ, ತಂತ್ರಾಂಶ ಕೊಟ್ಟ ಅಂಕದಿಂದಲ್ಲ.