ತೊಟ್ಟಿಲಿನ ಟಿಕೆಟು, ಉದ್ಯಾನದ ಟಿಕೆಟು

ಕಲಬುರಗಿಯ ಶರಣಬಸವೇಶ್ವರರ ರಥೋತ್ಸವವು ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ ನಡೆಯುತ್ತದೆ. ಆ ಮಹಾದಾಸೋಹಿಯ ಜನ್ಮಸ್ಥಳವು ಜೇವರ್ಗಿ ಸೀಮೆಯ ಅರಳಗುಂಡಗಿಯಾದುದರಿಂದ ಆ ಸೀಮೆಯವರಿಗೆ ಇದು ಮನೆಯ ಜಾತ್ರೆಯೇ ಸರಿ. ತೊಗರಿಯ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಉಳಿದಿರುವ ಆ ಕಾಲದಲ್ಲಿ ಆಳಂದ, ಅಫಜಲಪುರಗಳ ಹಳ್ಳಿಗಳಿಂದಲೂ ಜನರು ಸಂಸಾರಸಮೇತರಾಗಿ ಬಂದು ಸೇರುತ್ತಾರೆ. ತೇರಿನ ಕಳಸಕ್ಕೆ ಉತ್ತತ್ತಿ ಬಾಳೆಹಣ್ಣುಗಳನ್ನು ಎಸೆದು ಕೈಮುಗಿದಾದ ಮೇಲೆ ಮಕ್ಕಳ ಕಣ್ಣು ಹೊರಳುವುದು ತೊಟ್ಟಿಲಿನ ಕಡೆಗೆ. ದೊಡ್ಡ ತೊಟ್ಟಿಲು, ಸುತ್ತುವ ಕುದುರೆಗಳು, ದೋಣಿಯ ಜೋಕಾಲಿ, ಮೋಟಾರ್ ಸೈಕಲ್ಲು ಗೋಡೆಯ ಮೇಲೆ ಓಡುವ ಮರಣದ ಬಾವಿ, ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಟಿಕೆಟು, ಬೇರೆ ಗಲ್ಲಾ. "ಯಾವುದರಾಗ ಕುಂಡ್ರತಿ, ಹೇಳು" ಎಂದು ತಂದೆ ಕೇಳುತ್ತಾನೆ. ಮಗು ಒಮ್ಮೆ ತಲೆಯೆತ್ತಿ ತೊಟ್ಟಿಲನ್ನು ನೋಡಿ, ಒಮ್ಮೆ ತಿರುಗಿ ಕುದುರೆಗಳನ್ನು ನೋಡಿ, ಬೆರಳು ಚಾಚುತ್ತದೆ. ತಂದೆ ಅಂಗಿಯ ಜೇಬಿಗೆ ಕೈಹಾಕುತ್ತಾನೆ. ನಿರ್ಧಾರಕ್ಕೆ ಹಿಡಿದ ಕಾಲ ಅಷ್ಟೇ.

ಇದೇ ಕುಟುಂಬವು ಮಕ್ಕಳ ಹಟಕ್ಕೆ ಮಣಿದು ಹೈದರಾಬಾದಿನ ವಿನೋದೋದ್ಯಾನವೊಂದಕ್ಕೋ, 2005ರಿಂದ ಬಿಡದಿಯ ಬಳಿ ನಡೆಯುತ್ತಿರುವ ವಂಡರ್‌ಲಾಕ್ಕೋ ಹೋಯಿತೆನ್ನೋಣ. ಅಲ್ಲಿ ಒಳಗಿನ ಆಟಗಳಿಗೆಲ್ಲ ಸೇರಿ ಒಂದೇ ಪ್ರವೇಶದ ಟಿಕೆಟು; ಆದರೆ ಆ ಒಂದೇ ಟಿಕೆಟು ಅನೇಕ ರೂಪಗಳಲ್ಲಿ ಎದುರು ನಿಲ್ಲುತ್ತದೆ. ವಾರದ ದಿನಕ್ಕೆ ಒಂದು ದರ, ರಜಾದಿನಕ್ಕೆ ಇನ್ನೊಂದು; ಸರತಿಯ ಸಾಲಿನಲ್ಲಿ ನಿಲ್ಲುವವರಿಗೆ ಒಂದು, ಸಾಲನ್ನು ತಪ್ಪಿಸಿ ಬೇಗ ಹತ್ತುವವರಿಗೆ ಹೆಚ್ಚಿನ ಬೆಲೆಯ ಫಾಸ್ಟ್‌ಟ್ರ್ಯಾಕ್; ಮಕ್ಕಳ ದರವು ವಯಸ್ಸಿನಿಂದಲ್ಲದೆ ಎತ್ತರದಿಂದ ನಿರ್ಣಯವಾಗತಕ್ಕದ್ದು. ಯಾವುದೇ ಉದ್ಯಾನವು ಮೂರು ದರ್ಜೆಯ ಪ್ರವೇಶವನ್ನಿಟ್ಟು, ಎರಡು ಬಗೆಯ ದಿನಗಳನ್ನು ಗುರುತಿಸಿ, ಊಟ ಸಹಿತವೋ ರಹಿತವೋ, ವಾಹನ ಸಹಿತವೋ ರಹಿತವೋ ಎಂದು ಕೇಳಿದರೆ ಸಾಕು, ಬೇರೆ ಬೇರೆ ಟಿಕೆಟುಗಳ ಸಂಖ್ಯೆ ಇಪ್ಪತ್ತನಾಲ್ಕಾಗುತ್ತದೆ. ಈ ಬಾಹುಳ್ಯವು ಬಂದವನಿಗೆ ಉಪಕಾರಿಯೋ, ಗೊಂದಲಕಾರಿಯೋ ಎಂಬುದು ಮನಶ್ಶಾಸ್ತ್ರವೂ ಅರ್ಥಶಾಸ್ತ್ರವೂ ಕೂಡಿ ವಿಚಾರಿಸಿರುವ ಪ್ರಶ್ನೆ.

ಇಪ್ಪತ್ತನಾಲ್ಕು ಎಂಬ ಸಂಖ್ಯೆಗೆ ಈ ಶಾಸ್ತ್ರದಲ್ಲಿ ಒಂದು ಪ್ರಸಿದ್ಧಿಯುಂಟು. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಎಂಬ ವಿದ್ವಾಂಸರು ಕ್ಯಾಲಿಫೋರ್ನಿಯದ ದಿನಸಿಯ ಮಳಿಗೆಯೊಂದರಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರುಚಿ ನೋಡುವ ಮೇಜಿನ ಮೇಲೆ ಒಮ್ಮೆ ಇಪ್ಪತ್ತನಾಲ್ಕು ಬಗೆಯ ಜಾಮ್‌ಗಳನ್ನೂ ಒಮ್ಮೆ ಆರು ಬಗೆಯವನ್ನೂ ಇಟ್ಟಿದ್ದರು. ಇಪ್ಪತ್ತನಾಲ್ಕನ್ನು ಇಟ್ಟಾಗ ಹಾದುಹೋದವರಲ್ಲಿ ಶೇಕಡ 60 ಮಂದಿ ನಿಂತರು, ಆರನ್ನು ಇಟ್ಟಾಗ ನಿಂತವರು ಶೇಕಡ 40. ಆದರೆ ನಿಂತವರ ಪೈಕಿ ಕೊನೆಗೆ ಹಣ ಕೊಟ್ಟು ಕೊಂಡವರನ್ನು ಎಣಿಸಿದಾಗ, ಮೊದಲನೆಯ ಗುಂಪಿನ 145 ಜನರಲ್ಲಿ ನಾಲ್ವರು ಮಾತ್ರ, ಎರಡನೆಯ ಗುಂಪಿನ 104 ಜನರಲ್ಲಿ 31 ಮಂದಿ ಇದ್ದರು. ಆಯ್ಕೆಯ ವೈಭವವು ಕಣ್ಣನ್ನು ಸೆಳೆಯುತ್ತದೆ, ಕೈಯನ್ನು ತಡೆಯುತ್ತದೆ ಎಂಬ ಸಿದ್ಧಾಂತವು ಇದರಿಂದ ಜಗದ್ವಿಖ್ಯಾತವಾಯಿತು.

ಆದರೆ ಒಂದೇ ಪ್ರಯೋಗದ ಮೇಲೆ ಸಿದ್ಧಾಂತವನ್ನು ಪ್ರತಿಷ್ಠಾಪಿಸುವುದು ವಿಜ್ಞಾನದ ಮರ್ಯಾದೆಯಲ್ಲ. ಬೆಂಜಮಿನ್ ಶೈಬೆಹೆನ್ನ ಮತ್ತು ಅವರ ಸಹಚರರು ಇಂಥ 50 ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ತೂಗಿ ನೋಡಲಾಗಿ ಸರಾಸರಿ ಪರಿಣಾಮವು ಸೊನ್ನೆಯ ಸಮೀಪಕ್ಕೆ ಬಂದಿತು. ಎಂದರೆ ಕೆಲವೆಡೆ ಹೆಚ್ಚಿನ ಆಯ್ಕೆ ಜನರನ್ನು ಕಂಗೆಡಿಸಿತ್ತು, ಕೆಲವೆಡೆ ಅವರಿಗೆ ಹಿತವನ್ನೇ ಮಾಡಿತ್ತು. ಹಾಗಾದರೆ ಎಲ್ಲಿ ಯಾವುದು? ಇದಕ್ಕೆ 2015ರಲ್ಲಿ ಅಲೆಕ್ಸಾಂಡರ್ ಚೆರ್ನೆವ್ ಮತ್ತಿಬ್ಬರು ಕೊಟ್ಟ ಉತ್ತರವು ನಮ್ಮ ಪ್ರಸ್ತುತ ವಿಷಯಕ್ಕೆ ನೇರವಾಗಿ ಅನ್ವಯಿಸುತ್ತದೆ: ಎದುರಿಗಿರುವ ವಸ್ತುಗಳು ಒಂದಕ್ಕೊಂದು ಹೋಲಿಸಲಾಗದಷ್ಟು ತೊಡಕಾಗಿದ್ದರೆ, ನಿರ್ಧರಿಸಬೇಕಾದ ಕಾಲ ಕಡಮೆಯಿದ್ದರೆ, ತನಗೆ ಬೇಕಾದುದೇನೆಂಬುದು ಬಂದವನಿಗೇ ಖಚಿತವಿಲ್ಲದಿದ್ದರೆ, ಆಗ ಸಂಖ್ಯೆಯ ವೃದ್ಧಿಯು ಕ್ಲೇಶದ ವೃದ್ಧಿಯಾಗುತ್ತದೆ, ಸುಮ್ಮನೆ ನೋಡಿಹೋಗಲು ಬಂದವನಿಗಿಂತ ಆರಿಸಿಯೇ ತೀರಬೇಕೆಂದು ನಿಂತವನಿಗೆ ಆ ಕ್ಲೇಶ ಅಧಿಕ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವನ್ನು ಕಂಡವರಿಗೆ ಈ ಮಾತಿನ ಸತ್ಯ ಸುಲಭವಾಗಿ ಹೊಳೆಯುತ್ತದೆ. ಭೀಮಾ ಅಮರ್ಜಾ ನದಿಗಳ ಸಂಗಮದಲ್ಲಿ ಮಿಂದು ದತ್ತಾತ್ರೇಯನ ಪಾದುಕೆಗಳ ದರ್ಶನಕ್ಕೆ ಬರುವ ಯಾತ್ರಿಕನಿಗೆ ಸೇವೆಗಳು ಒಂದೆರಡಲ್ಲ. ಆದರೂ ಆತ ತಬ್ಬಿಬ್ಬಾಗುವುದಿಲ್ಲ. ಏಕೆಂದರೆ ಅಭಿಷೇಕವೋ, ಪಲ್ಲಕ್ಕಿ ಸೇವೆಯೋ, ಮನೆಮನೆಗೆ ಹೋಗಿ ಮಧುಕರಿ ಬೇಡುವುದೋ, ಅದನ್ನು ಆತ ಊರಿನಲ್ಲಿದ್ದಾಗಲೇ ಹರಕೆಯಾಗಿ ಹೊತ್ತಿರುತ್ತಾನೆ. ಆತ ಆರಿಸಲು ಬಂದವನಲ್ಲ, ಸಲ್ಲಿಸಲು ಬಂದವನು. ಪಟ್ಟಿ ಎಷ್ಟು ಉದ್ದವಾಗಿದ್ದರೂ ಅದರಲ್ಲಿ ತನ್ನ ಸಾಲನ್ನು ಹುಡುಕಿಕೊಳ್ಳುವುದಷ್ಟೇ ಅವನ ಕೆಲಸ. ಹುಡುಕುವ ಕೆಲಸಕ್ಕೆ ಮನುಷ್ಯನ ಬುದ್ಧಿಯು ಬಹುಮಟ್ಟಿಗೆ ಸಮರ್ಥವಾಗಿದೆ. ಪರಿಚಿತವಾದ ಸಂಕೇತಗಳಲ್ಲಿ ಒಂದನ್ನು ಗುರುತಿಸಿ ಸ್ಪಂದಿಸಲು ಬೇಕಾಗುವ ಕಾಲವು, ಸಂಕೇತಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ತಾನು ಇಮ್ಮಡಿಯಾಗದೆ ಒಂದೇ ಅಳತೆಯ ಸಣ್ಣ ಹೆಜ್ಜೆಯಷ್ಟು ಮಾತ್ರ ಬೆಳೆಯುತ್ತದೆಂಬುದನ್ನು 1952ರಲ್ಲಿ ವಿಲಿಯಂ ಹಿಕ್ ಎಂಬ ಆಂಗ್ಲ ವಿಜ್ಞಾನಿ ಪ್ರಯೋಗದಿಂದ ತೋರಿಸಿದನು. ಆದರೆ ಹೋಲಿಸಿ ತೂಗುವ ಕೆಲಸದ ಗಣಿತವೇ ಬೇರೆ. ನಾಲ್ಕು ಟಿಕೆಟುಗಳನ್ನು ಎರಡೆರಡಾಗಿ ಹೋಲಿಸಲು ಆರು ಹೋಲಿಕೆಗಳು ಸಾಕು, ಹನ್ನೆರಡನ್ನು ಹೋಲಿಸಲು 66 ಬೇಕು, ಇಪ್ಪತ್ತನಾಲ್ಕಕ್ಕೆ 276. ಬೆನ್ನ ಹಿಂದೆ ಸಾಲು ಬೆಳೆಯುತ್ತಿರುವಾಗ ಯಾವ ಗೃಹಸ್ಥನು ಇಷ್ಟನ್ನು ಮನಸ್ಸಿನಲ್ಲಿ ನಡೆಸಬಲ್ಲನು? ಆದುದರಿಂದಲೇ ಅವನು "ಯಾವುದರೆ ಒಂದ್ ಕೊಡ್ರಿ" ಎಂದುಬಿಡುತ್ತಾನೆ. ಹರ್ಬರ್ಟ್ ಸೈಮನ್ ಎಂಬ ಮಹಾವಿದ್ವಾಂಸನು 1956ರಷ್ಟು ಹಿಂದೆಯೇ ವಿವರಿಸಿದಂತೆ, ಅತ್ಯುತ್ತಮವಾದುದನ್ನು ಬಿಟ್ಟು ಸಾಕಷ್ಟು ಒಳ್ಳೆಯದನ್ನು ಹಿಡಿಯುವುದು ಅವಿವೇಕವಲ್ಲ. ಮಿತವಾದ ಕಾಲದಲ್ಲಿ ಮಿತವಾದ ಬುದ್ಧಿಯಿಂದ ಬದುಕಬೇಕಾದ ಪ್ರಾಣಿಯ ಸಹಜ ಜಾಣ್ಮೆ ಅದು.

ಜಾತ್ರೆಯ ತಂದೆಗೆ ಈ ಸಂಕಟವಿಲ್ಲದುದು ಅಲ್ಲಿ ಆಟಗಳು ಕಡಮೆಯಾಗಿರುವುದರಿಂದಲ್ಲ. ಅವನು ಕೊಳ್ಳುವ ವಸ್ತು ಕಣ್ಣೆದುರಿಗೆ ತಿರುಗುತ್ತಿದೆ. ಬೆಲೆ ಅದರ ಬುಡದಲ್ಲೇ ಬರೆದಿದೆ. ಒಂದು ನಿರ್ಧಾರವು ತಪ್ಪಾದರೆ ನಷ್ಟವಾಗುವುದು ಒಂದು ಸುತ್ತಿನ ಹಣ ಮಾತ್ರ. ಉದ್ಯಾನದ ದ್ವಾರದಲ್ಲಾದರೋ ಅವನು ಇನ್ನೂ ಕಾಣದ ಆಟಗಳ, ಇನ್ನೂ ಬೆಳೆಯದ ಸಾಲುಗಳ, ಇನ್ನೂ ಆಗದ ಹಸಿವಿನ ಮೇಲೆ ಇಡೀ ದಿನದ ಹಣವನ್ನು ಒಮ್ಮೆಗೇ ತೊಡಗಿಸಬೇಕಾಗಿದೆ. ಮೂರನೆಯ ಸಲ ಬಂದವನಿಗೆ ಇದು ಕಷ್ಟವಲ್ಲ. ಸಾಲು ಎಷ್ಟುದ್ದವಿರುತ್ತದೆಂದು ಬಲ್ಲವನು ಫಾಸ್ಟ್‌ಟ್ರ್ಯಾಕಿನ ಬೆಲೆಯನ್ನು ತಕ್ಷಣ ತೂಗಬಲ್ಲನು, ಅವನಿಗೆ ಹೆಚ್ಚಿನ ಬಗೆಗಳು ನಿಜವಾಗಿಯೂ ಸೌಲಭ್ಯಗಳೇ. ಮೊದಲ ಸಲ ಬಂದವನು ತಾನು ಏನನ್ನು ಇಷ್ಟಪಡುವೆನೆಂಬುದನ್ನು ಟಿಕೆಟು ಕೊಂಡ ಮೇಲೆಯೇ ಕಲಿಯತಕ್ಕವನು.

ಈ ತೊಡಕಿನ ಪೂರ್ವಚರಿತ್ರೆಯು ಅಮೆರಿಕದ ಡಿಸ್ನಿಲ್ಯಾಂಡಿನಲ್ಲಿದೆ. 1955ರ ಜುಲೈ 17ರಂದು ತೆರೆದ ಆ ಉದ್ಯಾನದಲ್ಲಿ ಆರಂಭಕ್ಕೆ ನಮ್ಮ ಜಾತ್ರೆಯ ಪದ್ಧತಿಯೇ ಇದ್ದಿತು, ಪ್ರವೇಶಕ್ಕೊಂದು ಬೆಲೆ, ಪ್ರತಿ ಆಟಕ್ಕೊಂದು ಬೆಲೆ. ಅದೇ ವರ್ಷದ ಅಕ್ಟೋಬರಿನಲ್ಲಿ ಎ, ಬಿ, ಸಿ ಎಂಬ ದರ್ಜೆಗಳ ಟಿಕೆಟಿನ ಪುಸ್ತಕಗಳು ಬಂದವು. ಮರುವರ್ಷ ಡಿ, 1959ರಲ್ಲಿ ಇ ಸೇರಿದವು. ರೋಮಾಂಚಕವಾದ ಆಟಗಳಿಗೆಲ್ಲ ಇ ದರ್ಜೆ. ಜನರು ಅವನ್ನು ಮೊದಲು ಮುಗಿಸಿ, ಎ ಬಿಗಳನ್ನು ಉಳಿಸಿಕೊಂಡು ಮನೆಗೆ ಹೋಗಿ ಪೆಟ್ಟಿಗೆಯಲ್ಲಿಡುತ್ತಿದ್ದರು. 1971ರಲ್ಲಿ ವಾಲ್ಟರ್ ಓಯಿ ಎಂಬ ಅರ್ಥಶಾಸ್ತ್ರಜ್ಞನು ಪ್ರವೇಶದ ಹಣವನ್ನು ಹೆಚ್ಚಿಸಬೇಕೋ ಆಟದ ಹಣವನ್ನೋ ಎಂಬ ಸಮಸ್ಯೆಯನ್ನೇ ಗಣಿತರೂಪದಲ್ಲಿ ಬಿಡಿಸಿ, ಡಿಸ್ನಿಲ್ಯಾಂಡಿನ ಹೆಸರನ್ನು ತನ್ನ ಪ್ರಬಂಧಕ್ಕೆ ಇಟ್ಟನು. 1982ರಲ್ಲಿ ಪುಸ್ತಕಗಳು ಹೋಗಿ ಒಂದೇ ಟಿಕೆಟು ಬಂದಿತು. ಆದರೆ ಒಳಗೆಲ್ಲ ಉಚಿತವಾದಾಗ ಬೆಲೆಯ ಸ್ಥಾನದಲ್ಲಿ ಸರತಿಯ ಸಾಲು ನಿಂತುಕೊಂಡಿತು; ಸಾಲನ್ನು ನೀಗಿಸಲು 1999ರಲ್ಲಿ ಶುಲ್ಕವಿಲ್ಲದ ಫಾಸ್ಟ್‌ಪಾಸ್ ಬಂದಿತು, 2021ರ ವೇಳೆಗೆ ಅದರ ಸ್ಥಾನವನ್ನು ಹಣ ತೆರಬೇಕಾದ ಏರ್ಪಾಡು ಹಿಡಿಯಿತು.

ಒಂದೇ ಟಿಕೆಟಿನ ಕಡೆಗೆ ಜನರ ಒಲವು ಇರುವುದಕ್ಕೆ ಒಳ್ಳೆಯ ಕಾರಣವಿದೆ. ಒಮ್ಮೆ ಹಣ ಕೊಟ್ಟು ಮರೆತರೆ ಆಮೇಲಿನ ಪ್ರತಿ ಸಂತೋಷವೂ ಲೆಕ್ಕದ ಕಾಟವಿಲ್ಲದೆ ಸಿಗುತ್ತದೆ. ಟ್ಯಾಕ್ಸಿಯ ಮೀಟರು ಓಡುತ್ತಿದ್ದಾಗ ಪ್ರಯಾಣದ ಸುಖ ಕುಗ್ಗುವುದನ್ನು ಬಲ್ಲವರು ಇದನ್ನು ಒಪ್ಪುತ್ತಾರೆ. ಆದರೆ ಈ ಒಲವಿಗೆ ತೆರಬೇಕಾದ ಬೆಲೆಯೂ ಉಂಟು. 2006ರಲ್ಲಿ ಸ್ಟೆಫಾನೊ ಡೆಲ್ಲಾವಿನ್ಯ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅಮೆರಿಕದ ವ್ಯಾಯಾಮಶಾಲೆಗಳ ದಾಖಲೆಗಳನ್ನು ಪರೀಕ್ಷಿಸಿದಾಗ, ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟಿದ ಸದಸ್ಯರು ತಿಂಗಳಿಗೆ ಸರಾಸರಿ 4.3 ಸಲ ಮಾತ್ರ ಹೋಗಿ, ಸಲಕ್ಕೆ 10 ಡಾಲರಿನ ಟಿಕೆಟು ದೊರೆಯುತ್ತಿದ್ದರೂ ವಸ್ತುತಃ 17 ಡಾಲರಿಗಿಂತ ಹೆಚ್ಚು ತೆತ್ತಿದ್ದರೆಂದು ಕಂಡುಬಂದಿತು. ಕೂಲಿಯ ಹಣದಿಂದ ಜಾತ್ರೆಗೆ ಬಂದ ಸಂಸಾರಕ್ಕೆ ಬಿಡಿ ಟಿಕೆಟು ಒಂದು ಲಗಾಮು. ಜೇಬು ಬರಿದಾಗುವ ಮೊದಲೇ ನಿಲ್ಲುವ ಸ್ವಾತಂತ್ರ್ಯವನ್ನು ಅದು ಕೊಡುತ್ತದೆ. ಬಡವನ ದೃಷ್ಟಿಯಿಂದ ನೋಡಿದರೆ ಇದನ್ನು ಹಳತೆಂದು ತಳ್ಳಿಹಾಕುವುದು ಅನ್ಯಾಯವೆಂದು ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಪಟ್ಟಿಯಲ್ಲಿರುವ ಎಲ್ಲ ಟಿಕೆಟುಗಳೂ ಮಾರಾಟವಾಗಲೆಂದೇ ಇರುತ್ತವೆಯೆಂಬ ಭರವಸೆಯಿಲ್ಲ. ಅಗ್ಗದ ಟಿಕೆಟೊಂದೂ ದುಬಾರಿಯಾದ ಟಿಕೆಟೊಂದೂ ಇರುವಲ್ಲಿ, ದುಬಾರಿಯಾದುದಕ್ಕಿಂತ ಗುಣದಲ್ಲಿ ಸ್ಪಷ್ಟವಾಗಿ ಕೀಳಾಗಿದ್ದು ಬೆಲೆಯಲ್ಲಿ ಸ್ವಲ್ಪವೂ ಅಗ್ಗವಲ್ಲದ ಮೂರನೆಯದೊಂದನ್ನು ನಡುವೆ ಇಟ್ಟರೆ, ಅದನ್ನು ಯಾರೂ ಕೊಳ್ಳದಿದ್ದರೂ ಜನರು ದುಬಾರಿಯಾದುದರ ಕಡೆಗೆ ವಾಲುತ್ತಾರೆಂಬುದನ್ನು ಜೋಯಲ್ ಹ್ಯೂಬರ್ ಮತ್ತು ಸಹಚರರು 1982ರಲ್ಲಿಯೇ ತೋರಿಸಿದ್ದಾರೆ. ಇಂಥ ಟಿಕೆಟು ಪಟ್ಟಿಯನ್ನು ಉದ್ದ ಮಾಡುತ್ತದೆಯೇ ಹೊರತು ಆಯ್ಕೆಯನ್ನು ಹೆಚ್ಚಿಸುವುದಿಲ್ಲ.

ಈ ಪ್ರಯೋಗಗಳಲ್ಲಿ ಬಹುಪಾಲು ಅಮೆರಿಕ, ಯೂರೋಪುಗಳ ಜನರ ಮೇಲೆ ನಡೆದವು. ನಮ್ಮಲ್ಲಿ ನಡೆಸಲು ಅಡ್ಡಿಯೇನೂ ಇಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಸುತ್ತಲೂ ವರ್ಷದುದ್ದಕ್ಕೂ ಜಾತ್ರೆ ಉರುಸುಗಳಿವೆ. ತೊಟ್ಟಿಲಿನವರ ಒಪ್ಪಿಗೆ ಪಡೆದು, ಬಿಡಿ ಟಿಕೆಟನ್ನು ಎಂದಿನಂತೆ ಇಟ್ಟುಕೊಂಡೇ, ಒಂದು ಸಂಜೆ ಮೂರು ಬಗೆಯ ಒಟ್ಟು ಟಿಕೆಟುಗಳನ್ನೂ ಇನ್ನೊಂದು ಸಂಜೆ ಹನ್ನೆರಡು ಬಗೆಯವನ್ನೂ ಫಲಕದಲ್ಲಿ ಬರೆದು, ಎಷ್ಟು ಸಂಸಾರಗಳು ನಿಂತು ಓದಿದವು, ಎಷ್ಟು ಕೊಂಡವು, ಎಷ್ಟು ಬಿಡಿ ಟಿಕೆಟಿಗೆ ಮರಳಿದವು, ಹೊರಡುವಾಗ ಯಾರ ಕೈಯಲ್ಲಿ ಎಷ್ಟು ಟಿಕೆಟುಗಳು ಬಳಕೆಯಾಗದೆ ಉಳಿದವು ಎಂಬುದನ್ನು ವಿದ್ಯಾರ್ಥಿಗಳು ಬರೆದುಕೊಳ್ಳಬಹುದು. ಮೊದಲ ಸಲ ಬಂದವರನ್ನೂ ಪ್ರತಿವರ್ಷ ಬರುವವರನ್ನೂ ಅವರು ಬೇರೆಯಾಗಿ ಎಣಿಸುವುದು ಅವಶ್ಯ.